ಕಬ್ಬಿಣದ ಕುದುರೆಯೊಡನೆ ಪಂದ್ಯ

ಅಮೆರಿಕದ ಕೊಲೊರಾಡೊ ರಾಜ್ಯದ ನೈಋತ್ಯ ಮೂಲೆಯಲ್ಲಿ ಡುರಾಂಗೊ ಎಂಬ ಊರಿದೆ. ಸುತ್ತ ಬೆಟ್ಟ, ನಡುವೆ ಅನಿಮಾಸ್ ನದಿ, ನದಿಯ ಪಕ್ಕದಲ್ಲೇ ಪುಟ್ಟ ರೈಲಿನ ಹಳಿ. ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯ ಹೊತ್ತಿಗೆ, ಒಂದು ಶನಿವಾರದ ಬೆಳಗ್ಗೆ ಇಲ್ಲಿನ ನಿಲ್ದಾಣದಲ್ಲಿ ರೈಲು ಬುಸುಗುಡುತ್ತ ಹೊರಡಲು ಸಿದ್ಧವಾಗುತ್ತಿರುವಾಗ ಹತ್ತಿರದ ಬೀದಿಯಲ್ಲಿ ಸಾವಿರಾರು ಮಂದಿ ಸೈಕಲ್ ಹಿಡಿದು ನಿಂತಿರುತ್ತಾರೆ. ಅವರಲ್ಲಿ ಶಾಲೆಯ ಹುಡುಗರಿರುತ್ತಾರೆ, ಅವರ ಅಪ್ಪ ಅಮ್ಮಂದಿರಿರುತ್ತಾರೆ, ತಲೆ ನರೆತ ಅಜ್ಜಂದಿರೂ ಇರುತ್ತಾರೆ. ಬೇಸಿಗೆ ಕಾಲಿಡುವ ಹೊತ್ತಾದರೂ ಚಳಿಗೆ ಕೈ ಉಜ್ಜಿಕೊಳ್ಳುವಂತಿರುತ್ತದೆ. ಎಲ್ಲರ ಗುರಿ ಒಂದೇ: ರೈಲಿಗಿಂತ ಮೊದಲು ಸಿಲ್ವರ್ಟನ್ ಸೇರಬೇಕು.

ಸೈಕಲ್ ತುಳಿದು ರೈಲನ್ನು ಸೋಲಿಸುವುದೇ? ಕೇಳಿದವರು ಮೊದಲು ನಗುತ್ತಾರೆ. ಆದರೆ 1972ರಿಂದ ಈ ಊರಿನಲ್ಲಿ ನಡೆದು ಬಂದಿರುವುದು ಇದೇ ಪಂದ್ಯ. ಇದರ ಹೆಸರು ‘ಐರನ್ ಹಾರ್ಸ್ ಬೈಸಿಕಲ್ ಕ್ಲಾಸಿಕ್’. ಐರನ್ ಹಾರ್ಸ್ ಎಂದರೆ ಕಬ್ಬಿಣದ ಕುದುರೆ. ಹುಲ್ಲು ತಿನ್ನದೆ, ಕಲ್ಲಿದ್ದಲು ನುಂಗಿ ಓಡುವ ಉಗಿಬಂಡಿಗೆ ಅಮೆರಿಕದ ಜನ ಇಟ್ಟ ಅಡ್ಡಹೆಸರು ಅದು.

ಮಿಠಾಯಿಯ ಪಂದ್ಯ

ಇದು ಶುರುವಾದದ್ದು ಅಣ್ಣ ತಮ್ಮಂದಿರ ಮಾತಿನ ಜಿದ್ದಿನಿಂದ. ಡುರಾಂಗೊದಿಂದ ಸಿಲ್ವರ್ಟನ್‌ಗೆ ಹೋಗುವ ರೈಲಿನಲ್ಲಿ ಜಿಮ್ ಮೇಯರ್ ಎಂಬಾತ ಬ್ರೇಕ್‌ಮನ್ ಕೆಲಸದಲ್ಲಿದ್ದ. ಅವನ ತಮ್ಮ ಟಾಮ್‌ಗೆ ಸೈಕಲ್ ಹುಚ್ಚು. ಊರು ಬಿಟ್ಟ ಮೇಲೆ ಸ್ವಲ್ಪ ದೂರ ರಸ್ತೆ ಮತ್ತು ರೈಲು ಹಳಿ ಜೊತೆಜೊತೆಯಾಗಿ ಸಾಗುತ್ತವೆ. ರೈಲಿನ ಮೇಲೆ ಅಣ್ಣ, ರಸ್ತೆಯ ಮೇಲೆ ತಮ್ಮ. ‘ನಮಗಿಂತ ಮೊದಲು ಸಿಲ್ವರ್ಟನ್ ಮುಟ್ಟು ನೋಡೋಣ’ ಎಂದು ಅಣ್ಣ ಕೆಣಕಿದನಂತೆ. ಪಂದ್ಯಕ್ಕೆ ಒಡ್ಡಿದ್ದು ಒಂದು ಮಿಠಾಯಿ. ತಮ್ಮ ಗೆದ್ದ. ಊರಿನವರು ಇಂದಿಗೂ ಹೇಳುವ ಕತೆ ಇದು.

ಕತೆ ಅಲ್ಲಿಗೇ ಮುಗಿದಿದ್ದರೆ ಒಂದು ಮನೆಯ ನೆನಪಾಗಿ ಉಳಿಯುತ್ತಿತ್ತು. ಆದರೆ ಊರಿನ ಅಂಗಡಿಕಾರ ಎಡ್ ಜಿಂಕ್ ಎಂಬುವರಿಗೆ ಇದರಲ್ಲಿ ಬೇರೇನೋ ಕಂಡಿತು. ಅಮೆರಿಕದಲ್ಲಿ ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ ‘ಮೆಮೊರಿಯಲ್ ಡೇ’ ಎಂಬ ರಜೆಯಿದೆ. 1968ರಲ್ಲಿ ಆದ ಕಾನೂನಿನಂತೆ 1971ರಿಂದ ಅದು ಮೇ ತಿಂಗಳ ಕೊನೆಯ ಸೋಮವಾರಕ್ಕೆ ನಿಗದಿಯಾಯಿತು. ಶನಿವಾರ, ಭಾನುವಾರ, ಸೋಮವಾರ ಸೇರಿ ಮೂರು ದಿನದ ಬಿಡುವು. ಚಳಿಗಾಲವಿಡೀ ಹಿಮದಲ್ಲಿ ಮುದುಡಿದ್ದ ಬೆಟ್ಟದ ಊರುಗಳಿಗೆ ಪ್ರವಾಸಿಗರು ಮತ್ತೆ ಬರತೊಡಗುವ ಸಮಯ ಅದೇ. 1972ರ ಆ ರಜೆಯಲ್ಲಿ ಮೊದಲ ಅಧಿಕೃತ ಸ್ಪರ್ಧೆ ನಡೆಯಿತು. ಬಂದವರು 36 ಮಂದಿ. ಗೆದ್ದವನು ಅದೇ ಟಾಮ್ ಮೇಯರ್!

ಮುಂದೆ ಹತ್ತಾರು ವರ್ಷ ಎಡ್ ಜಿಂಕ್ ಈ ಸ್ಪರ್ಧೆಯ ಬೆನ್ನೆಲುಬಾಗಿ ನಿಂತರು. 2019ರಲ್ಲಿ ಅವರು ತೀರಿಕೊಂಡಾಗ 36 ಮಂದಿಯ ಪಂದ್ಯ ಸಾವಿರಾರು ಮಂದಿಯ ಹಬ್ಬವಾಗಿತ್ತು.

ಬೆಳ್ಳಿಯನ್ನು ಹೊತ್ತ ಹಾದಿ

ಈ ಪಂದ್ಯ ಅರ್ಥವಾಗಬೇಕಾದರೆ ಎರಡು ಊರುಗಳ ನಡುವಿನ ನೆಲವನ್ನು ನೋಡಬೇಕು.

ಸಿಲ್ವರ್ಟನ್ ಹೆಸರಿನಲ್ಲೇ ಬೆಳ್ಳಿಯಿದೆ. ಸುತ್ತಲಿನ ಸಾನ್ ವಾನ್ ಪರ್ವತಗಳಲ್ಲಿ ಬೆಳ್ಳಿ, ಚಿನ್ನದ ಅದಿರು ಸಿಕ್ಕಿತು. ಅದನ್ನು ಕೆಳಗಿಳಿಸಲು ರೈಲು ಬೇಕಾಯಿತು. ರೈಲು ಕಂಪೆನಿ 1880ರಲ್ಲಿ ಡುರಾಂಗೊ ಎಂಬ ಊರನ್ನೇ ಕಟ್ಟಿತು. 1881ರಲ್ಲಿ ಅಲ್ಲಿಗೆ ರೈಲು ಬಂತು. 1882ರಲ್ಲಿ ಹಳಿ ಸಿಲ್ವರ್ಟನ್ ಮುಟ್ಟಿತು. ಹಳಿಗಳ ನಡುವಿನ ಅಂತರ ಮೂರೇ ಅಡಿ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿಂದೆ ಓಡುತ್ತಿದ್ದ ನ್ಯಾರೋಗೇಜ್ ರೈಲನ್ನು ಕಂಡವರಿಗೆ ಇದರ ಅಂದಾಜು ಸಿಗುತ್ತದೆ. ಆ ಹಳಿಯ ಅಂತರ ಎರಡೂವರೆ ಅಡಿ. ಇದು ಅದಕ್ಕಿಂತ ಅರ್ಧ ಅಡಿ ಹೆಚ್ಚು. ಹಳಿ ಕಿರಿದಾದಷ್ಟೂ ಬಿಗಿಯಾದ ತಿರುವುಗಳನ್ನು ಹಾಕಬಹುದು, ಬಂಡೆ ಕಡಿಯುವ ಖರ್ಚೂ ಕಡಿಮೆ.

1893ರಲ್ಲಿ ಸರ್ಕಾರ ಬೆಳ್ಳಿ ಕೊಳ್ಳುವ ಕಾನೂನನ್ನು ರದ್ದು ಮಾಡಿದಾಗ ಬೆಳ್ಳಿಯ ಬೆಲೆ ನೆಲಕಚ್ಚಿತು. ಗಣಿಗಳು ಏಳುತ್ತ ಬೀಳುತ್ತ ನಡೆದು, ಕೊನೆಯ ದೊಡ್ಡ ಗಣಿ 1991ರಲ್ಲಿ ಮುಚ್ಚಿತು. ಅದಕ್ಕೂ ಎಷ್ಟೋ ಮೊದಲೇ ಸಾಮಾನು ಸಾಗಣೆ ಕುಸಿದು ಕಂಪೆನಿಗೆ ಈ ಹಾದಿ ಬೇಡವಾಗಿತ್ತು. ಉಳಿಸಿದವರು ಪ್ರವಾಸಿಗರು. 1920ರ ದಶಕದಲ್ಲಿ ತಯಾರಾದ ಉಗಿಯಂತ್ರಗಳನ್ನು ಹತ್ತಿ, ಕಣಿವೆಯ ಅಂಚಿನಲ್ಲಿ ಸಾಗುವ ಸುಖಕ್ಕಾಗಿಯೇ ಜನ ದೂರದೂರದಿಂದ ಬಂದರು.

ಈ ರೈಲಿಗೆ ಅವಸರವೆಂಬುದಿಲ್ಲ. ಸುಮಾರು 72 ಕಿ.ಮೀ. ದಾರಿಗೆ ಅದು ತೆಗೆದುಕೊಳ್ಳುವುದು ಮೂರೂವರೆ ಗಂಟೆ. ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ರೈಲು ನದಿಯ ಕಣಿವೆಯನ್ನೇ ಹಿಡಿದು ಹೋಗುತ್ತದೆ. 850 ಮೀಟರಿನಷ್ಟು ಏರನ್ನು 72 ಕಿ.ಮೀ. ಉದ್ದಕ್ಕೂ ಹಂಚಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ನೂರು ಮೀಟರಿಗೆ ಸರಾಸರಿ 1.2 ಮೀಟರ್ ಏರು ಅಷ್ಟೆ.

ಸೈಕಲ್ ಸವಾರನ ಪಾಲಿಗೆ ಇರುವುದು ಹೆದ್ದಾರಿ. ಅದೂ ಹೆಚ್ಚುಕಡಿಮೆ ಅಷ್ಟೇ ದೂರ, ಸುಮಾರು 76 ಕಿ.ಮೀ. ಮೂರೂವರೆ ಗಂಟೆಯಲ್ಲಿ ಮುಗಿಸಲು ಗಂಟೆಗೆ 22 ಕಿ.ಮೀ. ವೇಗ ಸಾಕು. ಇಷ್ಟೇ ತಾನೆ ಎನ್ನಬೇಡಿ. ಈ ಹೆದ್ದಾರಿ ಕಣಿವೆಯಲ್ಲಿ ಹೋಗುವುದಿಲ್ಲ. ಅದು ಎರಡು ಘಟ್ಟಗಳನ್ನು ಹತ್ತಿ ಇಳಿಯುತ್ತದೆ. ಕೋಲ್ ಬ್ಯಾಂಕ್ ಘಟ್ಟದ ಎತ್ತರ 3,243 ಮೀಟರ್, ಮೋಲಾಸ್ ಘಟ್ಟದ್ದು ಸುಮಾರು 3,325 ಮೀಟರ್. ಹೊರಡುವ ಡುರಾಂಗೊ ಊರೇ ಸಮುದ್ರಮಟ್ಟದಿಂದ ಸುಮಾರು 1,990 ಮೀಟರ್ ಮೇಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದನ್ನು ನೆನೆದರೆ ಸಾಕು. ನಮ್ಮ ಬೆಟ್ಟದ ನೆತ್ತಿ ಮುಗಿಯುವಲ್ಲಿಂದ ಅಲ್ಲಿನ ಸ್ಪರ್ಧೆ ಶುರುವಾಗುತ್ತದೆ!

ಮೊದಲ ಗಂಟೆಯ ಮೋಸ

ಡುರಾಂಗೊ ಬಿಟ್ಟ ಮೇಲೆ ಮೊದಲ 16 ಕಿ.ಮೀ. ಹೆಚ್ಚುಕಡಿಮೆ ಸಮತಟ್ಟು. ಹಸುರು ಗದ್ದೆ, ಕುದುರೆ ಲಾಯ, ಎರಡು ಪಕ್ಕದಲ್ಲೂ ಕೆಂಪು ಬಂಡೆ. ಮನೆಗಳ ಮುಂದೆ ಕುರ್ಚಿ ಹಾಕಿಕೊಂಡು ಕುಳಿತ ಜನ ಗಂಟೆ ಬಾರಿಸುತ್ತಾರೆ. ಸ್ವಲ್ಪ ದೂರದಲ್ಲಿ ಹೊಗೆಯುಗುಳುತ್ತ ರೈಲು. ಅದರ ಸಿಳ್ಳೆ ಕಿವಿಗೆ ಬಿದ್ದೊಡನೆ ಕಾಲು ತಾನಾಗಿ ಜೋರಾಗುತ್ತದೆ. ರೈಲನ್ನು ಹಿಂದೆ ಹಾಕಿಬಿಡೋಣ ಎನ್ನಿಸುತ್ತದೆ. ಮೊದಲ ಸಲ ಬಂದವರು ಮೋಸ ಹೋಗುವುದು ಇಲ್ಲೇ.

ಅನುಭವಿಗಳು ಇಲ್ಲಿ ಗುಂಪಿನಲ್ಲಿ ಅಡಗಿಕೊಳ್ಳುತ್ತಾರೆ. ಸಮತಟ್ಟಿನಲ್ಲಿ ವೇಗವಾಗಿ ಸಾಗುವ ಸವಾರನ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ಸೀಳಲು ಖರ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಮೀರಲು ಬೇಕಾದ ಸಾಮರ್ಥ್ಯ ಎಂಟು ಪಟ್ಟು. ಮುಂದಿನವನ ಚಕ್ರಕ್ಕೆ ಅಂಟಿಕೊಂಡಂತೆ ಹಿಂದೆ ಹೋದರೆ ಈ ತಡೆ ಬಹಳಷ್ಟು ತಗ್ಗುತ್ತದೆ. ಸರದಿಯ ಮೇಲೆ ಒಬ್ಬೊಬ್ಬರೇ ಮುಂದೆ ಬಂದು ಗಾಳಿಗೆ ಎದೆಯೊಡ್ಡುತ್ತಾರೆ, ಮತ್ತೆ ಹಿಂದೆ ಸರಿಯುತ್ತಾರೆ. ಎದುರಾಳಿಗಳೂ ಪರಸ್ಪರ ನೆರವಾಗಲೇಬೇಕಾದ ಆಟ ಇದು.

ಹರ್ಮೋಸಾ ಎಂಬಲ್ಲಿಂದ ರಸ್ತೆ ಏರತೊಡಗುತ್ತದೆ. ರಾಕ್‌ವುಡ್ ದಾಟಿದ ಮೇಲೆ ರೈಲು ಬಲಕ್ಕೆ ಸರಿದು ಅನಿಮಾಸ್ ನದಿಯ ಕಮರಿಯೊಳಗೆ ಮರೆಯಾಗುತ್ತದೆ. ನದಿಯ ನೆತ್ತಿಯ ಮೇಲೆ, ಬಂಡೆ ಕೊರೆದು ಮಾಡಿದ ಕಿರುಗಟ್ಟೆಯಲ್ಲಿ ಅದರ ಪಯಣ. ಇಲ್ಲಿಂದ ಮುಂದೆ ಸವಾರನಿಗೆ ರೈಲು ಕಾಣುವುದಿಲ್ಲ, ರೈಲಿನವರಿಗೆ ಸವಾರರು ಕಾಣುವುದಿಲ್ಲ. ನಡುವೆ ಬೆಟ್ಟವೇ ನಿಂತಿದೆ. ಯಾರು ಮುಂದೆ, ಯಾರು ಹಿಂದೆ? ತಿಳಿಯುವುದು ಸಿಲ್ವರ್ಟನ್‌ನಲ್ಲೇ. ಅಲ್ಲಿಯವರೆಗೆ ತನ್ನ ಉಸಿರಿನ ಲೆಕ್ಕ ಬಿಟ್ಟರೆ ಬೇರೆ ಲೆಕ್ಕ ಸವಾರನ ಕೈಯಲ್ಲಿಲ್ಲ.

ಗಾಳಿ ತೆಳುವಾದಾಗ

ಅರ್ಧ ದಾರಿ ಕಳೆದ ಮೇಲೆ ಕೋಲ್ ಬ್ಯಾಂಕ್ ಘಟ್ಟದ ನಿಜವಾದ ಏರು ಎದುರಾಗುತ್ತದೆ. ನೂರು ಮೀಟರಿಗೆ ಆರು ಮೀಟರಿನಷ್ಟು ಏರುವ ರಸ್ತೆ, ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ತಿರುವು. ಬದಿಯಲ್ಲಿ ಇನ್ನೂ ಕರಗದ ಹಿಮದ ರಾಶಿ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಇಳಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಮಂಗಳೂರಿನ ಕಡಲ ತೀರದಲ್ಲಾಗಲಿ ಮೋಲಾಸ್ ಘಟ್ಟದ ತುದಿಯಲ್ಲಾಗಲಿ ಗಾಳಿಯ ನೂರು ಭಾಗದಲ್ಲಿ ಆಮ್ಲಜನಕ ಸುಮಾರು 21 ಭಾಗವೇ. ಇಳಿಯುವುದು ಗಾಳಿಯ ಒತ್ತಡ. 3,300 ಮೀಟರಿನಲ್ಲಿ ಅದು ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟು ಮಾತ್ರ. ಆದ್ದರಿಂದ ಪ್ರತಿ ಉಸಿರಿನಲ್ಲೂ ದೇಹಕ್ಕೆ ಸಿಗುವ ಆಮ್ಲಜನಕ ಮೂರನೆಯ ಒಂದರಷ್ಟು ಕಡಿಮೆ. ಹೃದಯ ಬಡಿದುಕೊಳ್ಳುತ್ತದೆ, ಉಸಿರು ಏರುತ್ತದೆ, ಆದರೂ ಸ್ನಾಯುಗಳ ಬೇಡಿಕೆ ಪೂರೈಸದು. ಎತ್ತರದಲ್ಲೇ ಬದುಕುವವರ ರಕ್ತದಲ್ಲಿ ಕೆಂಪು ಕಣಗಳು ವಾರಗಳ ಅವಧಿಯಲ್ಲಿ ಹೆಚ್ಚಿಕೊಂಡಿರುತ್ತವೆ. ನಿನ್ನೆ ವಿಮಾನವಿಳಿದು ಬಂದವನಿಗೆ ಆ ಭಾಗ್ಯವಿಲ್ಲ.

ಈ ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 1,700 ಮೀಟರ್ ಆಗುತ್ತದೆ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದುಕೊಳ್ಳೋಣ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಕೆಲಸ ಸುಮಾರು 13 ಲಕ್ಷ ಜೌಲ್. ತಿಂದ ಅನ್ನದ ಶಕ್ತಿಯಲ್ಲಿ ನಮ್ಮ ಸ್ನಾಯುಗಳು ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗವನ್ನು ಕೆಲಸವಾಗಿ ಮಾರ್ಪಡಿಸುತ್ತವೆ; ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ ಪ್ರಕಾರ ಏರಿಗೊಂದಕ್ಕೇ ಬೇಕಾಗುವುದು ಸುಮಾರು 1,270 ಕಿಲೋ ಕ್ಯಾಲರಿ, ಅಂದರೆ ಹತ್ತಿರ ಹತ್ತಿರ 400 ಗ್ರಾಂ ರಾಗಿ ಹಿಟ್ಟಿನ ಮುದ್ದೆಗಳಷ್ಟು. ಹೀಗಾಗಿ ಸವಾರರು ಹಸಿವಾಗುವ ಮೊದಲೇ ತಿನ್ನುತ್ತಾರೆ, ಬಾಯಾರುವ ಮೊದಲೇ ಕುಡಿಯುತ್ತಾರೆ. ಹಸಿವಾದ ಮೇಲೆ ತಿಂದರೆ ತಡವಾದಂತೆಯೇ.

ಹಾಗಿದ್ದರೂ ಮನುಷ್ಯನ ದೇಹವನ್ನು ಕೀಳಾಗಿ ಕಾಣುವಂತಿಲ್ಲ. ಹಳೆಯ ಉಗಿಯಂತ್ರಗಳು ಉರಿಸಿದ ಇಂಧನದ ಶಕ್ತಿಯಲ್ಲಿ ಕೆಲಸಕ್ಕೆ ಬಳಸಿಕೊಳ್ಳುತ್ತಿದ್ದುದು ನೂರಕ್ಕೆ ಐದೋ ಎಂಟೋ ಭಾಗ. ದಕ್ಷತೆಯಲ್ಲಿ ಮುದ್ದೆ ಉಂಡ ಕಾಲುಗಳೇ ಮೇಲು!

ಮೊದಲ ಗಂಟೆಯಲ್ಲಿ ರೈಲಿನ ಹಿಂದೆ ಬಿದ್ದವರ ಸ್ಥಿತಿ ಈ ಏರಿನಲ್ಲಿ ಬಯಲಾಗುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಬಯಲಲ್ಲೇ ಅರ್ಧ ಖಾಲಿಯಾಗಿರುತ್ತದೆ. ಕೆಲವರು ಇಳಿದು ಸೈಕಲ್ ತಳ್ಳುತ್ತಾರೆ. ಕೆಲವರು ರಸ್ತೆ ಬದಿಯಲ್ಲಿ ಕುಳಿತುಬಿಡುತ್ತಾರೆ. ಗುಂಪಿನಲ್ಲಿ ಅಡಗಿ, ನಿಧಾನವಾಗಿ ಬಂದ ನಡುವಯಸ್ಸಿನ ಹೆಂಗಸು ಸದ್ದಿಲ್ಲದೆ ಅವರನ್ನು ದಾಟಿ ಹೋಗುತ್ತಾಳೆ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಈ ಏರು ಹತ್ತಲು ಬೇಕಾದ ಸಾಮರ್ಥ್ಯ ಸುಮಾರು 180 ವ್ಯಾಟ್. ಮನೆಯಲ್ಲಿ ಹಿಂದೆ ಉರಿಯುತ್ತಿದ್ದ 60 ವ್ಯಾಟಿನ ಮೂರು ಬಲ್ಬುಗಳಷ್ಟು. ಅದೇನು ಮಹಾ ಎನ್ನಿಸಬಹುದು. ಆ ಮೂರು ಬಲ್ಬುಗಳನ್ನು ಆರದಂತೆ ಉರಿಸುತ್ತ ಹೋಗುವುದೇ ಈ ಪಂದ್ಯದ ಗುಟ್ಟು.

ಬೆಳ್ಳಿಯೂರಿನ ಬಾಗಿಲು

ಕೋಲ್ ಬ್ಯಾಂಕ್ ಇಳಿದು ಮೋಲಾಸ್ ಹತ್ತಿದ ಮೇಲೆ ಏರು ಮುಗಿಯುತ್ತದೆ, ಅಪಾಯ ಮುಗಿಯುವುದಿಲ್ಲ. ಬೆವರಿನಲ್ಲಿ ನೆಂದ ಬಟ್ಟೆಗೆ ಹಿಮದ ಗಾಳಿ ತಾಕುತ್ತದೆ. ಗಾಳಿ ತೆಳುವಾದ್ದರಿಂದ ತಡೆಯೂ ಕಡಿಮೆ. ಇಳಿಜಾರಿನಲ್ಲಿ ಸೈಕಲ್ ಬಾಣದಂತೆ ಹೋಗುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ಹೇಗೆ? ಬುದ್ಧಿವಂತರು ಘಟ್ಟದ ತುದಿಯಲ್ಲಿ ಅರ್ಧ ನಿಮಿಷ ನಿಂತು ಮೇಲಂಗಿ ತೊಡುತ್ತಾರೆ. ಆ ಅರ್ಧ ನಿಮಿಷವನ್ನು ದಂಡವೆನ್ನುವವರು ಬೆಟ್ಟದ ಚಳಿಯನ್ನು ಕಂಡವರಲ್ಲ.

ಕೆಳಗೆ ತಟ್ಟೆಯಂತಹ ಬಯಲಿನಲ್ಲಿ ಸಿಲ್ವರ್ಟನ್. ಅಗಲವಾದ ಒಂದು ಬೀದಿ, ಬಣ್ಣ ಬಳಿದ ಹಳೆಯ ಕಟ್ಟಡಗಳು, ಸುತ್ತ ಹಿಮ ಹೊದ್ದ ಶಿಖರಗಳು. ಮುಂಚೂಣಿಯ ಸ್ಪರ್ಧಿಗಳು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚಿನ ಸಮಯದಲ್ಲೇ ಬಂದು ಸೇರಿರುತ್ತಾರೆ. ಅವರಲ್ಲಿ ಸೈಕಲನ್ನೇ ವೃತ್ತಿ ಮಾಡಿಕೊಂಡವರೂ ಇರುತ್ತಾರೆ. ಆದರೆ ಊರಿನ ಕಣ್ಣು ನೆಟ್ಟಿರುವುದು ಅವರ ಹಿಂದೆ ಬರುವ ಹವ್ಯಾಸಿಗಳ ಮೇಲೆ. ಅಂಗಡಿಯ ಗುಮಾಸ್ತ, ಆಸ್ಪತ್ರೆಯ ದಾದಿ, ಕಾಲೇಜು ವಿದ್ಯಾರ್ಥಿ, ನಿವೃತ್ತ ಮೇಷ್ಟರು: ಅವರಿಗೆ ಬಹುಮಾನದ ಆಸೆಯಿಲ್ಲ. ಗಡಿಯಾರ ನೋಡುತ್ತಾರೆ, ಕಣಿವೆಯ ಕಡೆ ಕಿವಿ ಕೊಡುತ್ತಾರೆ. ದೂರದಲ್ಲಿ ಸಿಳ್ಳೆ ಕೇಳಿದಾಗ ತಾನು ಗೆರೆಯ ಈಚೆ ನಿಂತಿದ್ದರೆ ಅದಕ್ಕಿಂತ ದೊಡ್ಡ ಪದಕವಿಲ್ಲ.

ಇನ್ನೂ ಎರಡು ದಿನ

ಶನಿವಾರ ಗೆದ್ದವನು ಭಾನುವಾರ ಮಲಗುವಂತಿಲ್ಲ. ಹಲವು ವರ್ಷ ಈ ರಜೆಯಲ್ಲಿ ಬೆಟ್ಟದ ಓಟದ ಜೊತೆಗೆ ಇನ್ನೆರಡು ಬಗೆಯ ಸ್ಪರ್ಧೆಗಳು ನಡೆದು, ಮೂರನ್ನೂ ಕೂಡಿಸಿ ಒಟ್ಟು ವಿಜೇತರನ್ನು ಆರಿಸುತ್ತಿದ್ದರು. ಒಂದು, ಊರಿನ ಬೀದಿಗಳಲ್ಲೇ ಸುತ್ತು ಹೊಡೆಯುವ ‘ಕ್ರೈಟೀರಿಯಂ’. ಬಿಗಿಯಾದ ಮೂಲೆಗಳು, ಮೊಣಕೈಗೆ ಮೊಣಕೈ ತಾಗುವ ಗುಂಪು. ಇಲ್ಲಿ ಚಾಕಚಕ್ಯತೆ ಮುಖ್ಯ. ಇನ್ನೊಂದು ‘ಟೈಮ್ ಟ್ರಯಲ್’. ಒಬ್ಬೊಬ್ಬರನ್ನೇ ಬಿಡುತ್ತಾರೆ, ಅಡಗಲು ಗುಂಪಿಲ್ಲ, ನೆರಳಿಲ್ಲ, ಸವಾರ ಮತ್ತು ಗಡಿಯಾರ ಇಬ್ಬರೇ. ಹವ್ಯಾಸಿಗಳನ್ನು ಅನುಭವಕ್ಕೆ ತಕ್ಕಂತೆ ಐದನೆಯ ದರ್ಜೆಯಿಂದ ಮೊದಲನೆಯ ದರ್ಜೆಯವರೆಗೆ ವಿಂಗಡಿಸುವುದು ಅಮೆರಿಕದ ಕ್ರಮ. ಹೀಗಾಗಿ ಹೊಸಬ ಹೊಸಬರೊಡನೆಯೇ ಸೆಣಸುತ್ತಾನೆ.

ಇಂತಹ ಹಲವು ಹಂತದ ಸ್ಪರ್ಧೆಯ ಸ್ವಾರಸ್ಯ ಇಲ್ಲಿದೆ. ಒಂದು ದಿನದ ಓಟದಲ್ಲಿ ಇದ್ದುದನ್ನೆಲ್ಲ ಸುರಿದುಬಿಡಬಹುದು. ಇಲ್ಲಿ ಶನಿವಾರದ ಸಾಲವನ್ನು ಭಾನುವಾರ ತೀರಿಸಬೇಕು. ರಾತ್ರಿ ಸರಿಯಾಗಿ ಉಂಡು, ಹೊತ್ತಿಗೆ ಮುಂಚೆ ಮಲಗಿ, ಕಾಲಿನ ನೋವನ್ನು ಸಮಾಧಾನಪಡಿಸಿ ಮರುದಿನ ಮತ್ತೆ ನಿಲ್ಲಬಲ್ಲವನೇ ಗಟ್ಟಿಗ. ಮೂರು ದಿನ ಮೂರು ಬೇರೆ ಬೇರೆ ಪರೀಕ್ಷೆ ಬರೆಯುವ ಮಕ್ಕಳಿಗೂ, ಅವರ ಪಕ್ಕದಲ್ಲಿ ಎದ್ದು ಕೂರುವ ತಂದೆ ತಾಯಿಗೂ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಊರು ಕಾಪಾಡಿದ ಪಂದ್ಯ

ಡುರಾಂಗೊಗೆ ಕಷ್ಟಗಳು ಬಾರದೆ ಇರಲಿಲ್ಲ. 2015ರ ಆಗಸ್ಟ್‌ನಲ್ಲಿ ಸಿಲ್ವರ್ಟನ್ ಮೇಲಿನ ಪಾಳುಗಣಿಯೊಂದರ ಕೊಳಕು ನೀರು ನುಗ್ಗಿ ಅನಿಮಾಸ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತು. 2018ರಲ್ಲಿ ರಜೆ ಮುಗಿದ ನಾಲ್ಕೇ ದಿನಕ್ಕೆ, ಜೂನ್ 1ರಂದು, ಹರ್ಮೋಸಾ ಬಳಿಯ ಕಾಡಿಗೆ ಬೆಂಕಿ ಬಿತ್ತು. ಸುಮಾರು 22,000 ಹೆಕ್ಟೇರ್ ಸುಟ್ಟುಹೋಯಿತು. ಒಂದು ತಿಂಗಳಿಗೂ ಹೆಚ್ಚು ಕಾಲ ರೈಲು ನಿಂತಿತು. ರೈಲು ನಿಂತರೆ ಹೋಟೆಲು, ಅಂಗಡಿ ಎಲ್ಲವೂ ನಿಂತಂತೆಯೇ. ಉಗಿಯಂತ್ರದ ಕಿಡಿಯೇ ಕಾರಣವೆಂದು ಸರ್ಕಾರ ಮೊಕದ್ದಮೆ ಹೂಡಿ, 2022ರಲ್ಲಿ ರಾಜಿಯಾಯಿತು. ಬೆಂಕಿಯ ಬಳಿಕ ಕಲ್ಲಿದ್ದಲಿನ ಯಂತ್ರಗಳನ್ನು ಒಂದೊಂದಾಗಿ ಎಣ್ಣೆಗೆ ಬದಲಿಸತೊಡಗಿದರು. 2020ರಲ್ಲಿ ಕೋವಿಡ್‌ನಿಂದಾಗಿ ಸ್ಪರ್ಧೆ ನಡೆಯಲಿಲ್ಲ. ಆದರೂ ಊರಿನವರು ಅದನ್ನು ಕೈಬಿಡಲಿಲ್ಲ.

ಅವರು ಅರ್ಧ ಶತಮಾನ ಸಲಹಿದ ಪಂದ್ಯ ಊರಿಗೆ ಏನನ್ನು ಕೊಟ್ಟಿತು? 1990ರಲ್ಲಿ ಮೌಂಟನ್ ಬೈಕಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಡುರಾಂಗೊದಲ್ಲೇ. ಅದನ್ನು ಅಲ್ಲಿಗೆ ತರಲು ಓಡಾಡಿದವರಲ್ಲಿ ಎಡ್ ಜಿಂಕ್ ಮುಖ್ಯರು. ಗೆದ್ದವರಲ್ಲಿ ಒಬ್ಬ ಅದೇ ಊರಿನಲ್ಲಿ ನೆಲೆಸಿದ್ದ ನೆಡ್ ಓವರೆಂಡ್; ರೈಲಿನೊಡನೆಯ ಓಟವನ್ನೂ ಹಲವು ಬಾರಿ ಗೆದ್ದವನು. 1994ರಲ್ಲಿ ಡುರಾಂಗೊದಲ್ಲಿ ಹುಟ್ಟಿ, ಅಲ್ಲಿನ ಕಾಲುದಾರಿಗಳಲ್ಲಿ ಸೈಕಲ್ ಕಲಿತ ಸೆಪ್ ಕುಸ್ 2023ರಲ್ಲಿ ಸ್ಪೇನ್ ದೇಶವನ್ನು ಸುತ್ತುವ ‘ವುವೆಲ್ಟಾ’ ಗೆದ್ದ. ಅದು ಮೂರು ವಾರದ ಸ್ಪರ್ಧೆ, ಜಗತ್ತಿನ ಮೂರು ದೊಡ್ಡ ಸೈಕಲ್ ಸುತ್ತುಗಳಲ್ಲಿ ಒಂದು. ಒಂದು ಮಿಠಾಯಿಯ ಪಂದ್ಯವನ್ನು ಮಕ್ಕಳಾಟವೆಂದು ನಕ್ಕು ಬಿಟ್ಟಿದ್ದರೆ ಇಷ್ಟು ಸೈಕಲ್‌ಗಳು ಆ ಊರಿನ ಮನೆಗಳ ಮುಂದೆ ಒರಗಿ ನಿಲ್ಲುತ್ತಿದ್ದವೇ?

ಸೋಮವಾರ ಸಂಜೆಗೆ ಬ್ಯಾನರುಗಳು ಇಳಿಯುತ್ತವೆ. ಬಂದವರು ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಹೊರಡುತ್ತಾರೆ. ಮಂಗಳವಾರ ಬೆಳಗ್ಗೆ ರೈಲು ಎಂದಿನಂತೆ ಪ್ರವಾಸಿಗರನ್ನು ಹತ್ತಿಸಿಕೊಂಡು, ಸಿಳ್ಳೆ ಹಾಕಿ, ನದಿಯ ಪಕ್ಕದಲ್ಲಿ ನಿಧಾನವಾಗಿ ಸಾಗುತ್ತದೆ. ಅದರ ವೇಗದಲ್ಲಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರೂವರೆ ಗಂಟೆಗೆ ಅದು ಸಿಲ್ವರ್ಟನ್ ಸೇರುತ್ತದೆ. ಶನಿವಾರ ಅದಕ್ಕೆ ಸೋತವರು ಆ ಮೂರೂವರೆ ಗಂಟೆಯ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮೇ ತಿಂಗಳಿಗೆ ಈಗಿನಿಂದಲೇ ತುಳಿಯತೊಡಗುತ್ತಾರೆ.